ಒಡೆದ ಗೊಂಬೆಗೆ ಬದಲಿ ಗೊಂಬೆ

ಬಹುಕಾಲದಿಂದ ಮನೆಯಲ್ಲಿದ್ದ ಪಿಂಗಾಣಿ ಗೊಂಬೆಯೊಂದು ಒಡೆದುಹೋದರೆ ಅದರಂಥದೇ ಇನ್ನೊಂದನ್ನು ಹುಡುಕಿ ತರಬೇಕೇ ಬೇಡವೇ ಎಂಬ ಪ್ರಶ್ನೆಯು, ವಿದ್ಯಾಭ್ಯಾಸ, ಸಭಾಸೇವೆ, ಶಾಲೆಯ ಚರಿತ್ರೆ ಮುಂತಾದ ಘನವಿಷಯಗಳಿಗೆ ಮೀಸಲಾದ ಈ ಸ್ಮರಣ ಸಂಚಿಕೆಯಲ್ಲಿ ಅಲ್ಪವಾಗಿ ಕಾಣಬಹುದು. ಆದರೂ ನಮ್ಮ ಪೂರ್ವವಿದ್ಯಾರ್ಥಿನಿಯರು ನಾಲ್ವರು ಕೂಡಿದಲ್ಲೆಲ್ಲ ಈ ಮಾತು ಬರುತ್ತಲೇ ಇರುವದನ್ನು ನಾವು ಕೇಳಿದ್ದೇವೆ. ತವರಿನಿಂದ ಬಂದ ಗೊಂಬೆ, ಮದುವೆಯ ದಿವಸ ಉಪಾಧ್ಯಾಯಿನಿಯವರೊಬ್ಬರು ಕೊಟ್ಟ ಗೊಂಬೆ, ಪರದೇಶದಲ್ಲಿ ದುಡಿದು ಮರಳಿದ ಅಕ್ಕನು ತಂದ ಗೊಂಬೆ, ಹೀಗೆ ಗಾಜಿನ ಕಪಾಟಿನಲ್ಲಿ ನಿಂತು ಎರಡು ಮೂರು ತಲೆಮಾರುಗಳನ್ನು ಕಂಡದ್ದು ಒಂದು ದಿನ ಧೂಳು ಒರೆಸುವಾಗ ಕೈಜಾರಿ ಬೀಳುತ್ತದೆ. ಆ ಬಳಿಕ ಮನೆಯೊಳಗೆ ನಡೆಯುವದೇನೆಂಬದೇ ನಮ್ಮ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ಬದಲಿಯನ್ನು ಹುಡುಕುವದರಲ್ಲಿ ತಪ್ಪೇನೂ ಇಲ್ಲ. ಶ್ರಮಪಟ್ಟು ಹುಡುಕುವದೇ ಸರಿ. ಆದರೆ ಒಡೆದ ಸಂಗತಿಯನ್ನು ಮುಚ್ಚಿಡುವದಕ್ಕಾಗಿಯೇ ಹುಡುಕಿ ತಂದು, ಇದೇ ಅದು ಎಂಬಂತೆ ಕಪಾಟಿನಲ್ಲಿ ನಿಲ್ಲಿಸುವ ರೂಢಿಯೊಂದು ನಮ್ಮ ಮನೆಗಳಲ್ಲಿ ಬೆಳೆದಿದೆಯಷ್ಟೆ. ಅದನ್ನು ನಾವು ಒಪ್ಪಲಾರೆವು.

ಮಣ್ಣಿನ ಗೊಂಬೆಯೊಂದಕ್ಕೆ ಇಷ್ಟೇಕೆ ಎಂದು ಕೇಳುವ ಹಿರಿಯರು ನಮ್ಮಲ್ಲುಂಟು. ಐಹಿಕ ವಸ್ತುವಿನಲ್ಲಿ, ಅದರಲ್ಲಿಯೂ ಬೊಂಬೆಯಲ್ಲಿ, ಮನಸ್ಸಿಡುವದು ಭಕ್ತರಿಗೆ ತಕ್ಕದ್ದಲ್ಲವೆಂಬದು ಅವರ ವಾದ. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಅದೇ ಹಿರಿಯರ ಮನೆಯಲ್ಲಿ ಅವರ ತಂದೆಯ ಕೈಗಡಿಯಾರವು, ನಿಂತುಹೋಗಿ ಎಷ್ಟೋ ವರ್ಷಗಳಾದರೂ, ಪೆಟ್ಟಿಗೆಯಲ್ಲಿ ಭದ್ರವಾಗಿರುವದನ್ನು ಕಂಡಿದ್ದೇವೆ. ಗಂಡಸಿನ ಗಡಿಯಾರವು ಸ್ಮಾರಕ, ಹೆಂಗಸಿನ ಗೊಂಬೆಯು ವ್ಯಾಮೋಹ ಎಂಬ ಭೇದವು ಯಾವ ಶಾಸ್ತ್ರದಲ್ಲಿದೆಯೋ ನಮಗೆ ತಿಳಿಯದು. ಲೂಕನ ಸುವಾರ್ತೆಯಲ್ಲಿ ಹತ್ತು ನಾಣ್ಯಗಳಲ್ಲಿ ಒಂದನ್ನು ಕಳಕೊಂಡ ಹೆಂಗಸಿನ ಸಾಮ್ಯವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತವರೇ. ಅವಳು ದೀಪ ಹಚ್ಚಿ, ಮನೆ ಗುಡಿಸಿ ಹುಡುಕಿದ್ದನ್ನು ಕರ್ತನು ಹಳಿಯಲಿಲ್ಲ. ಅವಳು ಹುಡುಕಿದ್ದು ಕಳೆದ ನಾಣ್ಯವನ್ನೇ ಹೊರತು ಬದಲಿಯನ್ನಲ್ಲ, ಅಹುದು. ಆದರೂ ನಾವು ಗಮನಿಸತಕ್ಕ ಮಾತೊಂದು ಅಲ್ಲಿದೆ: ಸಿಕ್ಕಿದ ಮೇಲೆ ಅವಳು ನೆರೆಹೊರೆಯವರನ್ನು ಕರೆದಳು. ಕಳೆದ ಸಂಗತಿಯು ಬೀದಿಗೆಲ್ಲ ತಿಳಿಯಿತು. ಅದಕ್ಕಾಗಿ ಅವಳು ನಾಚಿಕೊಂಡಂತೆ ಕಾಣುವದಿಲ್ಲ.

ಹುಡುಕುವ ಬಗೆ ಹೇಗೆಂಬದನ್ನು ತಿಳಿಯಲು, ನಮ್ಮವರ ಮನೆಗಳಲ್ಲಿ ಅಲ್ಲಲ್ಲಿ ಕಾಣಸಿಗುವ ಒಂದು ಜಾತಿಯ ಗೊಂಬೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಜರ್ಮನಿಗೋ ಅಮೆರಿಕಕ್ಕೋ ಕೆಲಸಕ್ಕೆ ಹೋದವರು ತರುತ್ತಿದ್ದ ಹುಮ್ಮೆಲ್ ಗೊಂಬೆಗಳವು: ದುಂಡು ಕೆನ್ನೆಯ ಹಳ್ಳಿಯ ಮಕ್ಕಳು, ಕೈಯಲ್ಲಿ ಕೊಡೆಯೋ ಬುಟ್ಟಿಯೋ ಕುರಿಮರಿಯೋ ಇರುವದು. ಇವುಗಳ ಮೂಲವು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳತಕ್ಕದ್ದೇ ಆಗಿದೆ. ಬೆರ್ಟಾ ಹುಮ್ಮೆಲ್ ಎಂಬ ಹುಡುಗಿಯು 1909ರಲ್ಲಿ ಬವೇರಿಯದ ಮಾಸಿಂಗ್ ಎಂಬ ಊರಿನಲ್ಲಿ ಹುಟ್ಟಿದಳು. ಸಿಂಬಾಕ್‌ನಲ್ಲಿ ಧರ್ಮಭಗಿನಿಯರು ನಡೆಸುತ್ತಿದ್ದ ಶಾಲೆಯಲ್ಲಿ ಕಲಿತು, 1927ರಲ್ಲಿ ಮ್ಯೂನಿಕ್ ನಗರದ ಕಲಾಶಾಲೆಯನ್ನು ಸೇರಿ, 1931ರಲ್ಲಿ ಸೀಸೆನ್‌ನಲ್ಲಿದ್ದ ಫ್ರಾನ್ಸಿಸ್ಕನ್ ಪಂಗಡದ ಕನ್ಯಾಮಠವನ್ನು ಪ್ರವೇಶಿಸಿ, ಮರಿಯಾ ಇನೊಸೆಂಟಿಯಾ ಎಂಬ ಹೆಸರನ್ನು ತಾಳಿದರು. ಅಲ್ಲಿ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸುತ್ತ ಅವರು ಬರೆದ ಮಕ್ಕಳ ಚಿತ್ರಗಳು ಕಾಗದದ ಕಾರ್ಡುಗಳಾಗಿ ಅಚ್ಚಾದವು. ಅವನ್ನು ಕಂಡ ಫ್ರಾಂಟ್ಸ್ ಗೋಬೆಲ್ ಎಂಬ ಪಿಂಗಾಣಿ ಕಾರಖಾನೆಯ ಒಡೆಯನು ಮಠದ ಅನುಮತಿಯನ್ನು ಪಡೆದು, ಅವುಗಳನ್ನು ಗೊಂಬೆಗಳಾಗಿ ಮಾಡಿಸಿ, 1935ರಲ್ಲಿ ಲೈಪ್ಸಿಗ್‌ನ ವ್ಯಾಪಾರ ಜಾತ್ರೆಯಲ್ಲಿ ಇಟ್ಟನು. ನಾಜಿ ಪಕ್ಷದವರ ಪತ್ರಿಕೆಯೊಂದು 1937ರಲ್ಲಿ ಆ ಮಕ್ಕಳ ರೂಪವನ್ನು ಹೀನಾಯವಾಗಿ ನಿಂದಿಸಿತು. 1940ರಲ್ಲಿ ಸರಕಾರವು ಮಠವನ್ನೇ ಕಸಿದುಕೊಂಡಿತು. ಆ ಸಹೋದರಿಯು ಕ್ಷಯರೋಗದಿಂದ ನರಳಿ 1946ರ ನವಂಬರಿನಲ್ಲಿ, 37ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿದ್ದ ಅಮೆರಿಕದ ಸಿಪಾಯಿಗಳು ಈ ಗೊಂಬೆಗಳನ್ನು ಕೊಂಡು ತಮ್ಮ ಮನೆಗಳಿಗೆ ಕಳುಹಿಸಿದರು. ಆದುದರಿಂದಲೇ ಇಂದು ಇವುಗಳನ್ನು ಹುಡುಕುವವರು ಜರ್ಮನಿಗಿಂತ ಹೆಚ್ಚಾಗಿ ಅಮೆರಿಕದ ಕಡೆಗೆ ನೋಡಬೇಕಾಗುವದು.

ಹುಡುಕುವವರು ಮೊದಲು ನೋಡತಕ್ಕದ್ದು ಗೊಂಬೆಯ ಮುಖವನ್ನಲ್ಲ, ಅದರ ಅಡಿಯನ್ನು. ಇದು ಮಂಗಳೂರಿನ ಕಡೆಯವರಿಗೆ ಹೊಸ ಮಾತಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದಂದಿನಿಂದ, ಮಾಡಿನ ಒಂದು ಹಂಚು ಒಡೆದರೆ ಅದರ ಬೆನ್ನಿನ ಮುದ್ರೆಯನ್ನು ಓದಿ ಅದೇ ಅಚ್ಚಿನದನ್ನು ಹುಡುಕುವದು ನಮ್ಮ ಹಿರಿಯರಿಗೆ ಅಭ್ಯಾಸವಾಗಿತ್ತು. ಬೇರೆ ಅಚ್ಚಿನದು ಸರಿಯಾಗಿ ಕೂಡಿಕೊಳ್ಳದೆ ಮಳೆಗಾಲದಲ್ಲಿ ನೀರು ಸೋರುತ್ತಿತ್ತು. ಗೊಂಬೆಯ ವಿಷಯದಲ್ಲಿಯೂ ಹಾಗೆಯೇ. ಹುಮ್ಮೆಲ್ ಗೊಂಬೆಯ ಅಡಿಯಲ್ಲಿ ಅಚ್ಚಿನ ಸಂಖ್ಯೆಯನ್ನು ಹಸಿಮಣ್ಣಿನಲ್ಲಿಯೇ ಕೊರೆದಿರುವರು. ಕೊಡೆಯನ್ನೂ ಚೀಲವನ್ನೂ ಹಿಡಿದು ನಗುತ್ತ ಹೆಜ್ಜೆಯಿಡುವ ಹುಡುಗನನ್ನು ಅನೇಕರು ನೋಡಿರಬಹುದು. 'ಮೆರಿ ವಾಂಡರರ್' ಎಂದು ಅವನ ಹೆಸರು. ದೊಡ್ಡ ಅಳತೆಯವನಿಗೆ 7, ಸಣ್ಣವನಿಗೆ 11 ಎಂಬ ಸಂಖ್ಯೆ. ಅದರ ಮುಂದೆ ಓರೆಗೆರೆಯೆಳೆದು ಅಳತೆಯ ಗುರುತನ್ನು ಹಾಕಿರುವರು. ಚಿತ್ರವನ್ನು ಮಾತ್ರ ನೋಡಿ ಕೊಂಡವರಿಗೆ ಅಂಗೈಯಷ್ಟರ ಬದಲು ಗೇಣುದ್ದದ ಗೊಂಬೆ ಬಂದು ಸೇರಿದ್ದುಂಟು.

ಸಂಖ್ಯೆಯ ಬಳಿಯಲ್ಲಿ ಕಾರಖಾನೆಯ ಮುದ್ರೆಯಿರುವದು. ಅದರಿಂದ ಕಾಲವು ತಿಳಿಯುವದು. 1935ರಿಂದ 1949ರ ವರೆಗಿನವುಗಳಿಗೆ ಕಿರೀಟದ ಗುರುತು. 1950ರಿಂದ ಇಂಗ್ಲಿಷಿನ 'ವಿ' ಅಕ್ಷರದೊಳಗೆ ಹಾರುವ ದುಂಬಿ ಬಂದಿತು. ಜರ್ಮನ್ ಭಾಷೆಯಲ್ಲಿ ಹುಮ್ಮೆಲ್ ಎಂದರೆ ದುಂಬಿಯೇ. ಮೊದಲು ರೆಕ್ಕೆ ಬಿಚ್ಚಿ ದೊಡ್ಡದಾಗಿದ್ದ ದುಂಬಿಯು ವರ್ಷಗಳು ಕಳೆದಂತೆ ಕಿರಿದಾಗುತ್ತ, 1972ರ ಸುಮಾರಿಗೆ ಗೋಬೆಲ್ ಎಂಬ ಹೆಸರಿನ ಮೇಲಕ್ಕೇರಿ, 1979ರಲ್ಲಿ ಮಾಯವಾಯಿತು. ಯುದ್ಧಾನಂತರದ ಕೆಲವು ಗೊಂಬೆಗಳ ಮೇಲೆ ಅಮೆರಿಕದ ವಲಯದಲ್ಲಿ ಮಾಡಿದ್ದೆಂದೂ, ಅನಂತರದವುಗಳ ಮೇಲೆ ಪಶ್ಚಿಮ ಜರ್ಮನಿಯೆಂದೂ ಬರೆದಿರುವದು. ಹೀಗೆ ಒಂದು ದೇಶವು ಸೋತದ್ದು, ಇಬ್ಭಾಗವಾದದ್ದು ಎಲ್ಲವೂ ಗೊಂಬೆಯ ಅಂಗಾಲಿನಲ್ಲಿ ಮುದ್ರಿತವಾಗಿದೆ. ಕಾರಖಾನೆಯು ಮೊದಲಿನಂತೆ ಇಂದು ಇಲ್ಲ. ಗೋಬೆಲ್ ಸಂಸ್ಥೆಯು 2008ರಲ್ಲಿ ಈ ಗೊಂಬೆಗಳನ್ನು ಮಾಡುವದನ್ನು ನಿಲ್ಲಿಸಿತು, 2009ರಲ್ಲಿ ಬೇರೆ ಸಂಸ್ಥೆಯವರು ಪುನಃ ಆರಂಭಿಸಿದರು. ಒಂದೇ ಸಂಖ್ಯೆಯ ಗೊಂಬೆಯು ಎಲ್ಲ ಕಾಲದಲ್ಲಿಯೂ ಒಂದೇ ರೀತಿಯಾಗಿರಲಿಲ್ಲವೆಂಬದನ್ನೂ ನೆನಪಿನಲ್ಲಿಡಬೇಕು. ಆ ಕೊಡೆಯ ಹುಡುಗನ ಅಂಗಿಗೆ ಸಾಮಾನ್ಯವಾಗಿ ಐದು ಗುಂಡಿಗಳು. ಕೆಲವು ಗೊಂಬೆಗಳಲ್ಲಿ ಆರು ಇಲ್ಲವೆ ಏಳು.

ಎಲ್ಲ ಗೊಂಬೆಗಳಿಗೂ ಇಂಥ ಜಾತಕವಿರುವದಿಲ್ಲ. ಜಪಾನಿನ ಗೊಂಬೆಗಳಲ್ಲಿ 1947ರಿಂದ 1952ರ ವರೆಗೆ ಪರದೇಶಕ್ಕೆ ಹೋದವುಗಳ ಮೇಲೆ 'ಆಕ್ರಮಿತ ಜಪಾನ್' ಎಂಬರ್ಥದ ಇಂಗ್ಲಿಷ್ ಮುದ್ರೆಯಿರುವದರಿಂದ ಕಾಲವಾದರೂ ತಿಳಿಯುತ್ತದೆ. ಜಾತ್ರೆಯಲ್ಲಿ ಕೊಂಡ ಗೊಂಬೆಗೆ, ಕ್ರಿಸ್ಮಸಿನ ಗೋದಲಿಯ ಕುರುಬನಿಗೆ, ನವರಾತ್ರಿಯ ಹಂತದ ಮೇಲೆ ಕೂರಿಸುವ ಚೆಟ್ಟಿಯಾರ ದಂಪತಿಗಳಿಗೆ ಗುರುತೇ ಇರುವದಿಲ್ಲ. ಅಂಥಲ್ಲಿ ಹಳೆಯ ಛಾಯಾಚಿತ್ರವೊಂದೇ ಗತಿ. ಮದುಮಗಳ ಹಿಂದೆ, ಮಗುವಿನ ತೊಟ್ಟಿಲ ಬಳಿಯಲ್ಲಿ, ಮೂಲೆಯ ಕಪಾಟಿನಲ್ಲಿ ಅದು ಅರ್ಧಕ್ಕರ್ಧ ಕಾಣುತ್ತಿರುತ್ತದೆ. ಇದನ್ನು ಹುಡುಕಹೊರಟವರು ಅಜ್ಜಿಯನ್ನೂ ಚಿಕ್ಕಮ್ಮನನ್ನೂ ಕೇಳಬೇಕಾಗುತ್ತದೆ: ಇದನ್ನು ತಂದವರಾರು, ಯಾವ ವರ್ಷ, ಎಲ್ಲಿಂದ, ಯಾವ ಸಂಬಳದಿಂದ? ಗೊಂಬೆಯು ನೆಟ್ಟಗೆ ನಿಂತಿದ್ದಾಗ ನಲವತ್ತು ವರ್ಷ ಯಾರೂ ಕೇಳದ ಮಾತುಗಳಿವು. ಗುಟ್ಟಾಗಿ ಹುಡುಕುವವರಿಗೆ ಈ ಲಾಭವು ಮೊದಲಿಗೇ ತಪ್ಪಿಹೋಗುವದು. ಬಲ್ಲವರನ್ನು ಕೇಳುವಂತೆಯೇ ಇಲ್ಲವಲ್ಲ!

ಈ ಕೆಳಗಿನ ಸಂಗತಿಯು ನಮ್ಮ ಬಳಗದ ಒಂದು ಮನೆಯಲ್ಲಿ ನಡೆದದ್ದು. ಆ ಮನೆಯವರ ಒಪ್ಪಿಗೆಯಿಂದಲೇ ಬರೆಯುತ್ತೇವೆ. ತಾಯಿಯವರು 1970ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದವರು. ಊರಿಗೆ ಮರಳುವಾಗ ಆ ಕೊಡೆಯ ಹುಡುಗನನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದಿದ್ದರು. ಮೂರು ವರ್ಷ ತಾನೂ ಹೀಗೆಯೇ ಕೊಡೆ, ಚೀಲ ಹಿಡಿದು ಮಳೆಯಲ್ಲಿ ಪಾಳಿಗೆ ನಡೆದೆನೆಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರಂತೆ. ಅವರು ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದಾಗ, ಮನೆಗೆಲಸದಾಕೆಯ ಹನ್ನೊಂದು ವರ್ಷದ ಮಗಳ ಕೈಯಿಂದ ಗೊಂಬೆಯು ಬಿದ್ದು ಒಡೆಯಿತು. ಆ ಮನೆಯವರು ಒಳ್ಳೆಯವರು. ಹುಡುಗಿಯನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಅಜ್ಜಿಗೆ ಮಾತ್ರ ಹೇಳಬೇಡ ಮಗಳೇ" ಎಂದರು. ಚೂರುಗಳನ್ನು ಕಸಕ್ಕೆ ಹಾಕಿದರು. ಮೂರು ತಿಂಗಳ ಮೇಲೆ ಅಮೆರಿಕದಲ್ಲಿರುವ ಬಂಧುಗಳ ಮೂಲಕ ಅದೇ ಸಂಖ್ಯೆಯ, ಅದೇ ಮುದ್ರೆಯ ಗೊಂಬೆಯು ಬಂದಿತು. ಅದೇ ಸ್ಥಳದಲ್ಲಿ ನಿಂತಿತು. ತಾಯಿಯವರು ಬಂದರು, ಕಪಾಟನ್ನು ಎಂದಿನಂತೆ ತಾವೇ ಒರೆಸಿದರು, ಏನೂ ಹೇಳಲಿಲ್ಲ. ಆ ವರ್ಷದ ಕ್ರಿಸ್ಮಸಿಗೆ ಗೋದಲಿಯನ್ನು ಕಟ್ಟುತ್ತಿರುವಾಗ ಮಗಳನ್ನು ಕರೆದು, "ಹಳೆಯವನ ಚೂರುಗಳನ್ನು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರಂತೆ. ಅವರ ಗೊಂಬೆಯ ಕೊಡೆಯ ತುದಿಯು ಪ್ರಯಾಣದಲ್ಲಿ ಕಡಲೆಕಾಳಿನಷ್ಟು ಚಿಟ್ಟೆದ್ದಿತ್ತು. ಒರೆಸುವ ಬೆರಳಿಗೆ ಅದು ಗೊತ್ತಿತ್ತು. ಮನೆಯ ಉಳಿದವರಾರಿಗೂ ಗೊತ್ತಿರಲಿಲ್ಲ.

ಅವರ ಎರಡನೆಯ ಪ್ರಶ್ನೆಯು ಇದಕ್ಕಿಂತ ಕಠಿಣವಾದದ್ದು. ಆ ಹುಡುಗಿ ಈಗೇಕೆ ಬರುವದಿಲ್ಲ ಎಂದು ಕೇಳಿದರು. ಅಜ್ಜಿಯ ಬಳಿಯಲ್ಲಿ ಕುಳಿತು ಇಂಗ್ಲಿಷ್ ಪಾಠ ಓದುತ್ತಿದ್ದವಳು, ಅಜ್ಜಿ ಮರಳಿ ಬಂದ ದಿವಸದಿಂದ ಮನೆಯ ಮೆಟ್ಟಲು ಹತ್ತಿರಲಿಲ್ಲ. ದೊಡ್ಡವರು ನಾಲ್ವರು ಹಂಚಿಕೊಂಡ ಗುಟ್ಟು ಅವರಿಗೆ ಹಗುರವಾಗಿತ್ತು. ಹನ್ನೊಂದು ವರ್ಷದವಳಿಗೆ ಅದು ಹೊರಲಾರದಷ್ಟಾಯಿತು. ಅವಳನ್ನು ಕರೆಸಿದರು, ಬಂದಳು, ಪಾಠವೂ ಮುಂದುವರಿಯಿತು. ಆದರೆ ಕಪಾಟಿನ ಕಡೆಗೆ ಮಾತ್ರ ಅವಳು ಹೋಗುತ್ತಿರಲಿಲ್ಲವೆಂದು ಕೇಳಿದ್ದೇವೆ.

ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸಿದ ನಾವೇ, ಪ್ರೀತಿಯ ಹೆಸರಿನಲ್ಲಿ, ಮನೆಯ ಅತಿ ಬಡ ಮಗುವಿನ ಬಾಯಿಗೆ ಬೀಗ ಹಾಕುವದು ಸರಿಯೇ? ವೃದ್ಧರ ಮನಸ್ಸು ನೋಯಬಾರದೆಂಬ ವಾದವನ್ನು ನಾವು ಬಲ್ಲೆವು. ನೋವು ಆಗುವದು ನಿಜವೇ. ಆದರೆ ಗಂಡನನ್ನು ಮಣ್ಣಿಗೆ ಕೊಟ್ಟು, ಮಕ್ಕಳನ್ನು ದೂರದೇಶಗಳಿಗೆ ಕಳುಹಿಸಿಕೊಟ್ಟು ಬದುಕಿದ ಹೆಂಗಸರು ಒಂದು ಗೊಂಬೆ ಒಡೆದ ಸುದ್ದಿಯನ್ನು ತಾಳಲಾರರೆಂದು ತಿಳಿಯುವದು ಅವರಿಗೆ ಮಾಡುವ ಗೌರವವಲ್ಲ. ಸೊಸೆಯಂದಿರ ವಿಷಯದಲ್ಲಿ ಭಯವೇ ಬೇರೆ. ಅತ್ತೆಯ ತವರಿನ ವಸ್ತುವನ್ನು ಒಡೆದವಳೆಂಬ ಮಾತು ವರ್ಷಗಟ್ಟಲೆ ಉಳಿಯುವ ಮನೆಗಳುಂಟು. ಅಂಥ ಮನೆಯಲ್ಲಿ ಗುಟ್ಟಿಗೆ ಕಾರಣವು ಸೊಸೆಯಲ್ಲ. ಒಡೆದದ್ದನ್ನು ನಿರ್ಭಯವಾಗಿ ಹೇಳುವಂತೆ ಮನೆಯನ್ನು ಇಟ್ಟುಕೊಳ್ಳುವ ಹೊಣೆಯು ಕಪಾಟಿನ ಬೀಗದ ಕೈ ಯಾರ ಸೆರಗಿನಲ್ಲಿದೆಯೋ ಅವರದು.

ಇನ್ನು ಕೊಳ್ಳುವ ಮಾತು. ಅಮೆರಿಕದಲ್ಲಿ ಈ ಗೊಂಬೆಗಳ ಸಂಗ್ರಾಹಕರಿಗಾಗಿ 1977ರಲ್ಲಿ ಸಂಘವೇ ಸ್ಥಾಪಿತವಾಗಿತ್ತು. ಆ ಸಂಗ್ರಾಹಕರು ವೃದ್ಧರಾಗಿ ತೀರಿಕೊಂಡಂತೆ ಅವರ ಮಕ್ಕಳಿಗೆ ಇವು ಬೇಡವಾಗಿ, ಪೆಟ್ಟಿಗೆಗಟ್ಟಲೆ ಮಾರಾಟಕ್ಕೆ ಬಂದು, ಸಾಮಾನ್ಯ ಗೊಂಬೆಗಳ ಬೆಲೆಯು ಬಹಳ ಇಳಿದಿದೆ. ನಮ್ಮಂಥವರಿಗೆ ಇದು ಅನುಕೂಲವೇ. ಈಬೇ ಮುಂತಾದ ಅಂತರ್ಜಾಲದ ಪೇಟೆಗಳಲ್ಲಿ ನೋಡುವವರು, ಅಡಿಯ ಚಿತ್ರವನ್ನು ತೋರಿಸದ ಮಾರಾಟಗಾರನನ್ನು ಬಿಟ್ಟುಬಿಡತಕ್ಕದ್ದು. ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೋ ಎಂಬಲ್ಲಿ 1981ರಲ್ಲಿ ಆರಂಭವಾದ ರಿಪ್ಲೇಸ್‌ಮೆಂಟ್ಸ್ ಎಂಬ ಸಂಸ್ಥೆಯು, ತಯಾರಿಕೆ ನಿಂತುಹೋದ ಪಿಂಗಾಣಿಯ ಬದಲಿಗಳನ್ನು ಒದಗಿಸುವದಕ್ಕೇ ಹೆಸರಾದದ್ದು. ಅಂಚೆಯ ಮೂಲಕ ತರಿಸಿದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ಕಟ್ಟುವಂತೆ ಕೇಳಿಕೊಳ್ಳಬೇಕು. ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪರದೇಶದಿಂದ ಬರುವ 5,000 ರೂಪಾಯಿಯೊಳಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು ಭಾರತ ಸರಕಾರವು 2019ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ರಾಖಿಗೂ ಪ್ರಾಣರಕ್ಷಕ ಔಷಧಗಳಿಗೂ ಮಾತ್ರ ದಯೆ ತೋರಿಸಿತು. ರಜೆಗೆ ಬರುವ ಬಂಧುಗಳ ಕೈಚೀಲದಲ್ಲಿ ತರಿಸುವದೇ ಮೇಲು.

ಬದಲಿ ಬಂದರೂ ಹಳೆಯ ಚೂರುಗಳನ್ನು ಎಸೆಯಬಾರದು. ಎಲ್ಲ ಚೂರುಗಳೂ ಇದ್ದರೆ ಕೂಡಿಸಲಿಕ್ಕೂ ಆಗುವದು. ಆದರೆ ಅಂಗಡಿಯಲ್ಲಿ ದೊರೆಯುವ ಕ್ಷಣದಲ್ಲಿ ಹಿಡಿಯುವ ಅಂಟನ್ನು ಹಚ್ಚುವ ಆತುರವು ಬೇಡ. ಸ್ವಲ್ಪ ಓರೆಯಾಗಿ ಹಿಡಿದರೆ ಅದು ಓರೆಯಾಗಿಯೇ ಉಳಿಯುವದು. ವಸ್ತುಸಂಗ್ರಹಾಲಯಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಉಪಯೋಗಿಸುವರು. ಅದು ಅಸಿಟೋನಿನಲ್ಲಿ ಕರಗುವದರಿಂದ ತಪ್ಪಾದರೆ ಬಿಡಿಸಿ ಪುನಃ ಕೂಡಿಸಬಹುದು. ಕೂಡಿಸಲಾರದವರು ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಹೊಸದರ ಹಿಂದೆಯೇ ಇಡಲಿ. ಹೊಸದರ ಅಡಿಗೆ ಒಂದು ಚೀಟಿ ಇರಲಿ: ಮೊದಲಿನದನ್ನು ತಂದವರು ಇಂಥವರು, ಇಂಥ ವರ್ಷ, ಅದು ಒಡೆದದ್ದು ಇಂಥ ವರ್ಷ, ಇದು ಬಂದದ್ದು ಇಂಥಲ್ಲಿಂದ. ಒಡೆದವರ ಹೆಸರನ್ನು ಬರೆಯುವ ಅಗತ್ಯವಿಲ್ಲ. ಈ ಚೀಟಿಯಿಂದ ಗೊಂಬೆಯ ಬೆಲೆ ಕಡಿಮೆಯಾಗುವದೆಂದು ಒಬ್ಬ ತಂದೆಯವರು ನಮ್ಮೊಡನೆ ವಾದಿಸಿದರು. ಯಾರಿಗೆ ಮಾರಲಿಕ್ಕೆ ಎಂದು ಕೇಳಿದೆವು; ಉತ್ತರ ಬರಲಿಲ್ಲ.

ಪರದೇಶಗಳಲ್ಲಿ ನೆಲಸಿರುವ ನಮ್ಮ ಸೋದರಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ನೆರೆಯ ಚರ್ಚಿನ ಹಳೆ ಸಾಮಾನಿನ ಮಾರಾಟದಲ್ಲಿ ಇಂಥ ಗೊಂಬೆಗಳು ಕಣ್ಣಿಗೆ ಬಿದ್ದರೆ, ಒಮ್ಮೆ ತಿರುವಿ ಅಡಿಯ ಸಂಖ್ಯೆಯನ್ನು ಬರೆದುಕೊಳ್ಳಿರಿ. ಸೇಬಿನ ಮರದ ಕೊಂಬೆಯ ಮೇಲೆ ಕುಳಿತ ಹುಡುಗಿಗೆ 141, ಹುಡುಗನಿಗೆ 142, ಜೋಡಿಯಾಗಿ ಇಡತಕ್ಕವು. ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬರ ಮನೆಯಲ್ಲಿ ಹುಡುಗನು ಉಳಿದಿದ್ದಾನೆ, ಹುಡುಗಿಯಿಲ್ಲ. ಅವನ ಅಳತೆಯು 4 ಅಂಗುಲ, ಸಂಖ್ಯೆಯ ಮುಂದೆ 3/0 ಎಂದಿದೆ. ಮುದ್ರೆಯು ಯಾವ ಕಾಲದ್ದಾದರೂ ಆಗಬಹುದು, ಕೆನ್ನೆಯ ಬಣ್ಣ ಸ್ವಲ್ಪ ಬೇರೆಯಾದರೂ ಚಿಂತೆಯಿಲ್ಲ, ಬದಲಿಯೆಂಬದು ಮನೆಯಲ್ಲಿ ಎಲ್ಲರಿಗೂ ತಿಳಿದೇ ಇದೆ ಎಂದು ಅವರು ಹೇಳಿ ಕಳುಹಿಸಿದ್ದಾರೆ.